ಕೋಡಿನ ಕುದುರೆ

ಮುದಿಯಪ್ಪನ ತಂಬೂರಿಗೆ ನೆಗಡಿಯಾಗಿದೆ ಎಂದು ಮೊದಲು ಹೇಳಿದವನು ಅಂದಾನಪ್ಪ. ಆಷಾಢದ ಕೊನೆಯ ಸೋಮವಾರ, ಗಜೇಂದ್ರಗಡದ ಮಠದ ಪಡಸಾಲೆಯಲ್ಲಿ, ಇಪ್ಪತ್ತು ಮಂದಿಯ ಎದುರಿಗೇ ಹೇಳಿಬಿಟ್ಟ.

"ಮುದಿಯಪ್ಪಣ್ಣಾ, ಪದಾ ಚಲೋ ಅಂದಿ. ಆದ್ರ ನಿನ್ನ ತಂಬೂರಿಗೆ ಒಂದೀಟು ಶುಂಠಿ ಕಷಾಯ ಕುಡಸಪಾ. ಮೂಗಿನ್ಯಾಗ ಮಾತಾಡಾಕತ್ತೈತಿ."

ಮಂದಿ ನಕ್ಕರು. ಮುದಿಯಪ್ಪನೂ ನಕ್ಕ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ಅವನನ್ನು ಚುಚ್ಚುತ್ತಲೇ ಇತ್ತು. ಅರವತ್ತರ ಆಸುಪಾಸಿನ ಮನುಷ್ಯ. ಹಗಲು ಸೀರೆ ನೇಯ್ದು ಸಂಜೆ ತತ್ತ್ವಪದ ಹಾಡುತ್ತ ತಲೆ ಬೆಳ್ಳಗೆ ಮಾಡಿಕೊಂಡವನು. ನೇಯ್ಗೆಯಲ್ಲಿ ತಪ್ಪು ತೋರಿಸಿದರೆ ಸುಮ್ಮನೆ ತಿದ್ದಿಕೊಳ್ಳುತ್ತಿದ್ದ. ಹಾಡಿನ ವಿಷಯಕ್ಕೆ ಬಂದರೆ ಎರಡು ದಿನ ಯಾರ ಜೊತೆಗೂ ಮಾತಿಲ್ಲ.

ತಪ್ಪು ಹಾಡಿನದಾಗಿರಲಿಲ್ಲ, ಕುದುರೆಯದಾಗಿತ್ತು. ತಂಬೂರಿಯ ಬುರುಡೆಯ ಮೇಲೆ ನಾಲ್ಕೂ ತಂತಿಗಳನ್ನು ಹೊತ್ತು ನಿಲ್ಲುವ ಸಣ್ಣ ಪೀಠಕ್ಕೆ ಕುದುರೆ ಎನ್ನುತ್ತಾರೆ. ಅವನದು ಸಾಗವಾನಿ ಕಟ್ಟಿಗೆಯದು, ಅಪ್ಪನ ಕಾಲದ್ದು. ಆ ಐವತ್ನಾಲ್ಕನೇ ಇಸವಿಯ ಮಳೆಗಾಲಕ್ಕೆ ಅದು ಸೀಳು ಬಿಟ್ಟಿತು. ಸರೇಸಿನ ಅಂಟು ಹಚ್ಚಿ ದಾರ ಬಿಗಿದು ಮೂರು ದಿನ ಇಟ್ಟ. ಸೀಳು ಕೂಡಿತು, ನಾದ ಕೂಡಲಿಲ್ಲ. ತಂತಿ ಮೀಟಿದರೆ ದಬ್ ಎಂದು ಅಲ್ಲಿಗೇ ಸುಮ್ಮನಾಗುತ್ತಿತ್ತು.

ಮನೆಯಲ್ಲಿ ಮೂರು ಕುಣಿಮಗ್ಗಗಳಿದ್ದವು. ಒಂದು ಮುದಿಯಪ್ಪನದು, ಒಂದು ಮಗ ಗುರುಸಂಗಪ್ಪನದು, ಮೂರನೆಯದು ಹೆಂಡತಿ ಶಿವಬಸವ್ವನದು. ಆ ಕಾಲಕ್ಕೆ ಹೆಂಗಸರು ನೂಲಿನ ಕಂಡಿಕೆ ಸುತ್ತುತ್ತಿದ್ದರು, ಹಾಸು ಬಿಡಿಸುತ್ತಿದ್ದರು. ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂಡುವುದು ಅಪರೂಪ. ಶಿವಬಸವ್ವನ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಅವನು ಮಗಳಿಗೇ ನೇಯ್ಗೆ ಕಲಿಸಿದ. ಮದುವೆ ಮಾಡಿ ಕಳಿಸುವ ದಿನ ಉಡಿಯಕ್ಕಿಯ ಜೊತೆ ತಾನು ನೇಯುತ್ತಿದ್ದ ಲಾಳಿಯನ್ನೇ ಅವಳ ಉಡಿಗೆ ಹಾಕಿದ. ಮಗ್ಗದ ಎಳೆಗಳ ನಡುವೆ ಎಡಬಲಕ್ಕೆ ಎಸೆಯುವ, ಎಮ್ಮೆ ಕೋಡಿನ ಲಾಳಿ. ಗೇಣುದ್ದ, ಕಪ್ಪಗೆ, ಬೆರಳು ಹಿಡಿಯುವ ಕಡೆ ಸವೆದು ನುಣ್ಣಗಾದದ್ದು. ಆ ಲಾಳಿಯಿಂದ ಅವಳು ಎಷ್ಟು ಸೀರೆ ನೇಯ್ದಳೋ, ಲೆಕ್ಕ ಇಟ್ಟವರಿಲ್ಲ.

ಯುಗಾದಿಯ ಮರುವಾರ ಅವಳು ಹಿತ್ತಲಲ್ಲಿ ಕೊಡ ಎತ್ತುವಾಗ ಬಿದ್ದಳು. ಲಕ್ವಾ ಹೊಡೆದಿತ್ತು. ಬಾಯಿ ಸೊಟ್ಟಾಯಿತು, ಬಲಗೈ ಬಲಗಾಲು ಬಿದ್ದುಹೋದವು. ಮೂರು ತಿಂಗಳ ಎಣ್ಣೆ, ಶಾಖ, ಗದಗಿನ ದವಾಖಾನೆಯ ಗುಳಿಗೆ ಎಲ್ಲ ಆದ ಮೇಲೆ ಬಾಯಿ ನೆಟ್ಟಗಾಯಿತು, ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಕೈ ಮಾತ್ರ ಇಟ್ಟಲ್ಲೇ ಇರುತ್ತಿತ್ತು. ಊಟ ಎಡಗೈಲಿ, ಕೊಡುವುದು ತೆಗೆದುಕೊಳ್ಳುವುದು ಎಡಗೈಲಿ. ಎಡ ಅಂಗೈಯಲ್ಲಿ ಲಿಂಗ ಹಿಡಿದರೆ ಪತ್ರಿ ಏರಿಸಲು ಇನ್ನೊಂದು ಕೈಯಿಲ್ಲ. ಸೊಸೆ ಬನಶಂಕರಿ ಏರಿಸುತ್ತಿದ್ದಳು.

ಮನೆಯವರೆಲ್ಲ ಅವಳ ಮುಂದೆ ಏರುದನಿಯಲ್ಲಿ ಮಾತಾಡುವುದನ್ನು ರೂಢಿ ಮಾಡಿಕೊಂಡರು. "ಯವ್ವಾ, ಗಂಜೀ ಬೇಕೇನು?" ಎಂದು ಗುರುಸಂಗಪ್ಪ ಕೂಗುತ್ತಿದ್ದ. "ನನಗ ಕೈ ಹೋಗೈತಲೇ, ಕಿವಿ ಹೋಗಿಲ್ಲ," ಎನ್ನುತ್ತಿದ್ದಳು ಅವಳು. ಮರುದಿನ ಮತ್ತೆ ಕೂಗುತ್ತಿದ್ದ.

ಒಂದು ದಿನ ಬನಶಂಕರಿ ಅತ್ತೆಯ ಮಗ್ಗದ ಕುಣಿಗೆ ಹಲಗೆ ಮುಚ್ಚಿ ಅದರ ಮೇಲೆ ಜೋಳದ ಚೀಲ ಇಟ್ಟಳು. ಕೆಳಗಿಟ್ಟರೆ ಇಲಿ ಕಾಟ. ಯಾರೂ ಬೇಡ ಎನ್ನಲಿಲ್ಲ. ವಾರ ಬಿಟ್ಟು ಇನ್ನೊಂದು ಚೀಲವೂ ಅಲ್ಲಿಗೇ ಬಂತು. ಶಿವಬಸವ್ವ ಪಡಸಾಲೆಯ ಕಂಬಕ್ಕೆ ಒರಗಿ ಎರಡೂ ಚೀಲಗಳನ್ನು ನೋಡಿದಳು. ಲಾಳಿ ಅವಳ ಮಗ್ಗದ ಹಿಂದಿನ ಗೋಡೆಗೂಡಿನಲ್ಲಿತ್ತು.

ಶ್ರಾವಣ ಹುಟ್ಟುವ ಮುಂಚಿನ ಗುರುವಾರ ಮುದಿಯಪ್ಪ ತಂಬೂರಿಯನ್ನು ಹಳೇ ಕೌದಿಯಲ್ಲಿ ಸುತ್ತಿ ರೋಣದ ಬಸ್ಸು ಹತ್ತಿದ. ಹತ್ತುವ ಮುಂಚೆ ಗೂಡಿನಿಂದ ಹೆಂಡತಿಯ ಲಾಳಿಯನ್ನು ತೆಗೆದು ಅಂಗಿಯ ಒಳಕಿಸೆಯಲ್ಲಿ ಹಾಕಿಕೊಂಡಿದ್ದ. ಆಗ ಅವಳು ಹಿತ್ತಲಲ್ಲಿ ಬಿಸಿಲು ಕಾಯುತ್ತಿದ್ದಳು. ಯಾಕೆ ಹಾಕಿಕೊಂಡೆ ಎಂದು ಯಾರಾದರೂ ಕೇಳಿದ್ದರೆ, ಇರಲಿ ಅಂತ ಎನ್ನುತ್ತಿದ್ದ. ಯಾರೂ ಕೇಳಲಿಲ್ಲ.

ರೋಣದ ಕಾಶೀಂಸಾಬ ಕೋಡಿನ ಬಾಚಣಿಕೆ ಮಾಡುವವನು. ಸುತ್ತಲಿನ ಭಜನೆಯವರ ತಂಬೂರಿ, ಏಕತಾರಿಗಳ ರಿಪೇರಿಯೂ ಅವನದೇ. ಮೊದಲು ಹೊಸ ಸಾಗವಾನಿ ಕುದುರೆ ಕೂಡಿಸಿ ಮೀಟಿ ತೋರಿಸಿದ. ನಾದ ಮೆತ್ತಗೆ ಎದ್ದು ಮೆತ್ತಗೆ ಮಲಗಿತು.

"ಕಟ್ಟಿಗಿ ಕುದುರಿ ನಾದಾ ಕುಡೀತೈತ್ರಿ," ಎಂದ ಕಾಶೀಂಸಾಬ. "ತಂತಿ ಕೊಟ್ಟದ್ದರಾಗ ಅರ್ಧಾ ತಾನ ನುಂಗಿ, ಉಳಿದ ಅರ್ಧಾ ಬುರುಡಿಗೆ ಕೊಡತೈತಿ. ಈಗ ಎಲಬಿಂದು ಕೇಳ್ರಿ."

ಎಲುಬಿನ ಕುದುರೆಯ ಮೇಲೆ ಅದೇ ತಂತಿ ಚೀರಿತು. ಮುದಿಯಪ್ಪ ಕೊರಳಿನ ಲಿಂಗದ ಮೇಲೆ ಕೈಯಿಟ್ಟುಕೊಂಡ.

"ಎಲಬು ಬ್ಯಾಡೋ ಮಾರಾಯಾ. ತಂಬೂರಿ ನಮ್ಮ ಮನ್ಯಾಗ ದೇವರ ಜಗಲಿ ಮ್ಯಾಲೆ ಇರತೈತಿ. ಅಲ್ಲದ ಕಿವಿಗೆ ಸೂಜಿ ಚುಚ್ಚಿದಂಗ ಆಕ್ಕೈತಿ."

"ಕೋಡು ನಡೀತೈತೇನ್ರಿ?"

"ಕೋಡಿಗೇನಾಗೈತಿ? ದಿನಾ ಹಿಡಿಯು ಲಾಳಿನ ಕೋಡಿಂದು."

"ಕೋಡು ಎರಡರ ನಡುವಿಂದ್ರಿ. ಕಟ್ಟಿಗಿ ಹಂಗ ನುಂಗೂದಿಲ್ಲ, ಎಲಬಿನ ಹಂಗ ಚೀರೂದಿಲ್ಲ. ಆದ್ರ ನನ್ನ ಕಡೆ ಇರೂದು ಹಸೀ ಕೋಡು. ಬಾಚಣಿಕಿಗೆ ನಡೀತೈತಿ, ಕುದುರಿಗೆ ನಡಿಯೂದಿಲ್ಲ, ತಂತಿ ಭಾರಕ್ಕ ಬಾಗತೈತಿ. ವರ್ಷಾನಗಟ್ಟಲೆ ಒಣಗಿ ಕಲ್ಲಾಗಿದ್ದು ಬೇಕು."

ಮುದಿಯಪ್ಪ ಒಳಕಿಸೆಯಿಂದ ಲಾಳಿ ತೆಗೆದು ಚಾಪೆಯ ಮೇಲಿಟ್ಟ. ಕಾಶೀಂಸಾಬ ಅದನ್ನು ಉಗುರಿನಿಂದ ಬಡಿದು ಕಿವಿಗೆ ಹಿಡಿದ. ಅವನ ಮುಖ ಅರಳಿತು. ಬಾಗಿಲಲ್ಲಿ ಬಾಚಣಿಕೆಗೆ ಎಣ್ಣೆ ತಿಕ್ಕುತ್ತಿದ್ದ ಅವನ ಹೆಂಡತಿ ಚಮನಬಿ ಕೈ ಚಾಚಿ ಲಾಳಿಯನ್ನು ಇಸಿದುಕೊಂಡಳು.

"ಯಾರದ್ರೀ ಅಣ್ಣಾರ ಇದು? ಬೆರಳ ಹಿಡದಲ್ಲೆ ಎಷ್ಟ ಸವದೈತಿ ನೋಡ್ರಿ."

"ನಮ್ಮ ಮನಿಯಾಕಿದು."

"ಅವ್ರು ಈಗ ಇಲ್ಲೇನ್ರಿ?"

"ಅದಾಳ," ಎಂದ ಮುದಿಯಪ್ಪ. ಚಾಪೆಯ ಕಡೆ ನೋಡುತ್ತ, "ಇನ್ನ ನೇಯೂದಿಲ್ಲ," ಎಂದ.

ಚಮನಬಿ ಲಾಳಿಯನ್ನು ಚಾಪೆಯ ಮೇಲಿಟ್ಟು ತನ್ನ ಕೆಲಸಕ್ಕೆ ತಿರುಗಿದಳು. ಕಾಶೀಂಸಾಬ ಗರಗಸ ತಂದ.

"ಒಮ್ಮೆ ಹಚ್ಚಿದ್ನೆಂದ್ರ ತಿರುಗಿ ಕೂಡಸಾಕ ಬರೂದಿಲ್ರಿ, ಮುದಿಯಪ್ಪನವ್ರ."

"ಹಚ್ಚು," ಎಂದ ಮುದಿಯಪ್ಪ.

ಕೋಡು ಕೊಯ್ಯುವಾಗ ಸುಟ್ಟ ಕೂದಲಿನ ವಾಸನೆ ಬರುತ್ತದೆ. ಮುದಿಯಪ್ಪ ಎದ್ದು ಬೀದಿಗೆ ಹೋಗಿ ನಿಂತ. ತಿರುಗಿ ಬಂದಾಗ ಲಾಳಿಯ ಅಡಿಭಾಗ ಕಟ್ಟಿಗೆಯ ಕಾಲುಗಳ ಮೇಲೆ ಕುದುರೆಯಾಗಿ ಕೂತಿತ್ತು. ಎರಡು ಚೂಪು ತುದಿಗಳು ಮಾತ್ರ ಚಾಪೆಯ ಮೇಲೆ ಬಿದ್ದಿದ್ದವು. ಕಾಶೀಂಸಾಬ ತಂತಿ ಬಿಗಿದು, ಒಂದೊಂದರ ಕೆಳಗೂ ನೂಲಿನ ಎಳೆ ಸರಿಸಿ ಮೀಟಿದ. ನಾದ ಎದ್ದಿತು, ಸುಮ್ಮನಾಗಲಿಲ್ಲ. ಒಂದು ತಂತಿಯದು ಮುಗಿಯುವ ಮುಂಚೆ ಮುಂದಿನ ತಂತಿಯದು ಬಂದು ಕೈ ಹಿಡಿಯಿತು. ಮುದಿಯಪ್ಪನ ಕಣ್ಣು ತುಂಬಿದವು. ಆಸೆಗೋ ನಾಚಿಕೆಗೋ, ಅವನಿಗೇ ಗೊತ್ತಾಗಲಿಲ್ಲ. ಎರಡು ತುದಿಗಳನ್ನು ಅರಿವೆಯಲ್ಲಿ ಕಟ್ಟಿಕೊಂಡು ಎದ್ದ.

ಅಂದು ಸಂಜೆ ಮನೆಯಲ್ಲಿ ತಂಬೂರಿ ಹಿಡಿದು ಕೂತಾಗ ಶಿವಬಸವ್ವ ಕಂಬದ ಹತ್ತಿರ ಇದ್ದಳು. ನಾಲ್ಕು ಸಲ ಮೀಟುವುದನ್ನು ಕೇಳಿ, "ಏನ್ ಹಾಕಿಸಿದ್ರಿ?" ಎಂದಳು.

"ಕೋಡಿಂದು."

"ಎಲ್ಲೀ ಕೋಡು?"

"ಕಾಶೀಂಸಾಬನ ಹತ್ತರ ಇತ್ತು. ಹಳೇದು."

"ಚಲೋ ಮನಷ್ಯಾ," ಎಂದಳು ಶಿವಬಸವ್ವ. "ಆದ್ರ ಆ ಜೀವಾಳ ತಗೀರಿ. ಕೋಡಿಗೆ ನೂಲು ಒಗ್ಗೂದಿಲ್ಲ, ಲಾಳಿಯಾಗೂ ಹಂಗ. ರೇಷ್ಮಿ ಎಳಿ ಹಾಕ್ರಿ."

ತಂತಿಯ ಕೆಳಗಿಡುವ ದಾರಕ್ಕೆ ಜೀವಾಳ ಎನ್ನುತ್ತಾರೆ. ಶಿವಬಸವ್ವ ತಾನೇ ನೇಯ್ದು ಉಟ್ಟಿದ್ದ ಸೀರೆಯ ಸೆರಗಿನಿಂದ ಒಂದು ಕೆಂಪು ರೇಷ್ಮೆ ಎಳೆಯನ್ನು ಹಲ್ಲಿನಿಂದ ಹಿಡಿದು ಎಡಗೈಲಿ ಎಳೆದಳು. ಅದನ್ನು ನಾಲ್ಕು ತುಂಡು ಮಾಡಿ ಕೊಟ್ಟಳು. ಮುದಿಯಪ್ಪ ತಲೆ ಬಗ್ಗಿಸಿಕೊಂಡೇ ಇಸಿದುಕೊಂಡ. ಆ ಎಳೆ ಕೂತ ಮೇಲೆ ನಾದ ಮನೆ ತುಂಬಿ ಹಿತ್ತಲಿಗೂ ಹೋಯಿತು. ಬನಶಂಕರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದಳು. ಅಂದು ಅವನು ಅರ್ಧ ರೊಟ್ಟಿಯನ್ನೂ ಮುಗಿಸಲಿಲ್ಲ.

ಶ್ರಾವಣ ಸೋಮವಾರದ ಭಜನೆಗೆ ರೋಣದಿಂದ, ಇಟಗಿಯಿಂದ ಮಂದಿ ಬರತೊಡಗಿದರು. ಅಂದಾನಪ್ಪ ಎಲ್ಲರೆದುರಿಗೆ ಕಿವಿ ಹಿಡಿದುಕೊಂಡು, "ನೆಗಡಿ ಹೋತಪಾ, ನಂದ ತಪ್ಪಾತು," ಎಂದ. ಎಷ್ಟು ದಿನದಿಂದ ಕೇಳಬೇಕೆಂದಿದ್ದ ಮಾತು! ಮುದಿಯಪ್ಪನಿಗೆ ಒಂದು ತುತ್ತಿನಷ್ಟೂ ರುಚಿಸಲಿಲ್ಲ. ಅರಿವೆಯ ಗಂಟನ್ನು ಅವನು ತಂಬೂರಿಯ ಬಟ್ಟೆಯ ಗವಸಣಿಗೆಯಲ್ಲೇ ಬಚ್ಚಿಟ್ಟಿದ್ದ. ಪ್ರತಿ ಸಲ ತಂಬೂರಿ ತೆಗೆಯುವಾಗ ಅದು ಕೈಗೆ ತಾಕುತ್ತಿತ್ತು.

ಸಂಜೆಯ ಹೊತ್ತು ಅವನು ಮನೆಯಲ್ಲಿ ನುಡಿಸುವಾಗ ಶಿವಬಸವ್ವ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ನಿದ್ದೆ ಹೋದಳು ಎಂದು ಎಲ್ಲರೂ ತಿಳಿದಿದ್ದರು. ಭಾದ್ರಪದ ಹುಟ್ಟಿದ ಮೇಲೆ ಒಂದು ಸಂಜೆ ಬನಶಂಕರಿ ಹೊದಿಕೆ ಸರಿಮಾಡಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಅತ್ತೆಯ ಬಲಗೈಯ ತೋರುಬೆರಳು ಅಲುಗಾಡುತ್ತಿತ್ತು.

"ಅತ್ತೀ!"

"ಬಾಯಿ ಮುಚ್ಚು," ಎಂದಳು ಶಿವಬಸವ್ವ ಪಿಸುದನಿಯಲ್ಲಿ. "ನಾಕ ತಂತಿ, ನಾಕ ಬೆರಳ. ಅವರು ಒಂದೊಂದು ತಂತಿ ಮೀಟಿದಾಗ ನಾ ಒಂದೊಂದು ಬೆರಳ ಎತ್ತಾಕ ನೋಡತೇನಿ. ತಿಂಗಳಾತು. ಮೊದಲೆಲ್ಲಾ ತಂತಿ ದಬ್ ಅಂದು ಸಾಯ್ತಿತ್ತು, ಬೆರಳಿಗೆ ಹೇಳೂದರಾಗ ಮುಗದ ಹೋಗತಿತ್ತು. ಈಗ ನಿಂದರತೈತಿ. ಬೆರಳ ಬರೂತನಕ ಕಾಯ್ತೈತಿ ಅದು."

"ಮಾವಾರಿಗೆ ಹೇಳ್ತೇನಿ."

"ಯಾರಿಗೂ ಹೇಳಬ್ಯಾಡ. ದಸರಿ ಖಂಡೇಪೂಜಿ ದಿನಾ ನಾನ ತೋರಸ್ತೇನಿ. ಲಾಳಿ ಹಿಡದ ತೋರಸ್ತೇನಿ. ನೀ ಮೊದಲ ಆ ಜ್ವಾಳದ ಚೀಲಾ ತಗಿ."

ಬನಶಂಕರಿಗೆ ಮೈಯೆಲ್ಲ ನಾಚಿಕೆಯಾಯಿತು. "ತಗೀತೇನ್ರಿ ಅತ್ತಿ, ಇಲಿ ಕಾಟಕ್ಕಂತ ಇಟ್ಟಿದ್ದೆ," ಎಂದಳು.

"ಗೊತ್ತೈತಿ ಬಿಡು," ಎಂದಳು ಅತ್ತೆ.

ಮರುದಿನ ಬನಶಂಕರಿ ಚೀಲಗಳನ್ನು ಸರಿಸಿ, ಕುಣಿ ಬಳಿದು, ಗೂಡು ಒರೆಸಲು ಕೈ ಹಾಕಿದಳು. ಗೂಡು ಬರಿದಾಗಿತ್ತು. ಮಗ್ಗದ ಕೆಳಗೆ, ಜಂತಿಯ ಸಂದಿಯಲ್ಲಿ, ಕಂಡಿಕೆ ಬುಟ್ಟಿಯಲ್ಲಿ, ಎಲ್ಲ ಕಡೆ ಹುಡುಕಿದಳು. ಮಧ್ಯಾಹ್ನ ಗಂಡ, ಮಾವ ಊಟಕ್ಕೆ ಕೂತಾಗ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿ ಮೆಲ್ಲಗೆ ಕೇಳಿದಳು.

"ಅತ್ತಿ ಲಾಳಿ ಯಾರರೆ ತಗದಿಟ್ಟೀರೇನ್ರಿ? ಗೂಡಿನ್ಯಾಗ ಇಲ್ಲ."

ಗುರುಸಂಗಪ್ಪ ರೊಟ್ಟಿ ಮುರಿಯುತ್ತಿದ್ದವನು ತಲೆಯೆತ್ತಿದ. ಅವನು ಕೆಟ್ಟ ಮನುಷ್ಯನಲ್ಲ, ಬಾಯಿ ಮಾತ್ರ ಮನಸ್ಸಿಗಿಂತ ಮುಂದೆ ಓಡುತ್ತಿತ್ತು.

"ಆಷಾಢದಾಗ ನಿನ್ನ ತಮ್ಮ ಬಂದಿದ್ದ."

"ಹೂಂ. ಪಂಚಮಿಗೆ ಕರಿಯಾಕ ಬಂದಿದ್ದ."

"ಅವ್ವನ ಮಗ್ಗದ ಮುಂದ ನಿಂತು, ಇಂಥಾ ಲಾಳಿ ಈಗ ಎಲ್ಲಿ ಸಿಗತಾವು ಅಂದನಲ್ಲ? ನಾ ಕೇಳೇನಿ."

"ಅಂದ್ರ? ನಮ್ಮ ವೀರಪ್ಪ ಕಳವು ಮಾಡಿದ ಅಂತೀರಿ?"

"ಅವ ಕಳವು ಮಾಡಿದನೋ, ನೀ ಉಡ್ಯಾಗ ಹಾಕಿ ಕಳಿಸಿದೆಯೋ. ನೇಯೂವರು ಯಾರೂ ಇಲ್ಲ, ಹೋದರ ಹೋಗಲಿ ಅಂದಿರಬೇಕು."

ಬನಶಂಕರಿ ಕೈಯಲ್ಲಿದ್ದ ರೊಟ್ಟಿಬುಟ್ಟಿಯನ್ನು ನೆಲಕ್ಕಿಟ್ಟಳು. "ಮಾವಾರ, ಕೇಳಿದ್ರಿಲ್ಲ? ಹತ್ತ ವರ್ಷ ಆತು ನಾ ಈ ಮನಿಗೆ ಬಂದು. ಒಂದು ಸೂಜಿ ತವರಿಗೆ ಕಳಿಸೇನೇನ್ರಿ? ನೀವರೆ ಹೇಳ್ರಿ."

ಮುದಿಯಪ್ಪ ಗಂಗಾಳದಲ್ಲಿ ಕಣ್ಣಿಟ್ಟಿದ್ದ. ಪಲ್ಯದಲ್ಲಿ ಒಂದು ಮೆಣಸಿನಕಾಯಿ ತುಂಡಿತ್ತು, ಅದನ್ನು ಬೆರಳಿನಿಂದ ಬದಿಗೆ ಸರಿಸಿದ.

"ಎಲ್ಲೆರ ಇರತೈತಿ. ನೋಡ್ರಿ," ಎಂದ.

ಅಷ್ಟೇ ಹೇಳಿದ. ಗುರುಸಂಗಪ್ಪ ಕೈ ತೊಳೆದು ಮಗ್ಗಕ್ಕೆ ಹೋದ. ಬನಶಂಕರಿ ಒಲೆಯ ಮುಂದೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಹಿತ್ತಲಲ್ಲಿದ್ದ ಅತ್ತೆಗೆ ಕೇಳಬಾರದು ಎಂಬುದು ಅವಳ ಚಿಂತೆಯಾಗಿತ್ತು. ಮುದಿಯಪ್ಪನಿಗೆ ಆ ಅಳು ಮಗ್ಗದ ಸದ್ದನ್ನೂ ದಾಟಿ ಕೇಳಿಸಿತು. ಹೇಳಿಬಿಡಬೇಕೆಂದು ಮೂರು ಸಲ ಎದ್ದ, ಮೂರು ಸಲ ಕೂತ. ಮಾನದ ಮನುಷ್ಯ! ಸೊಸೆಯ ಮಾನ ಹೋಗುವಾಗ ತನ್ನದನ್ನು ಬಿಗಿಯಾಗಿ ಹಿಡಿದುಕೊಂಡು ಕೂತ.

ಮುಂದಿನ ಮೂರು ವಾರ ಆ ಮನೆಯಲ್ಲಿ ಊಟದ ಹೊತ್ತು ಬಂದರೆ ಎಲ್ಲರಿಗೂ ಬೇರೆ ಬೇರೆ ಕೆಲಸ ನೆನಪಾಗುತ್ತಿದ್ದವು. ಬನಶಂಕರಿ ಗಂಡನಿಗೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ದಸರೆಗೆ ಬರಬೇಡ ಎಂದು ತಮ್ಮನಿಗೆ ಹೇಳಿ ಕಳಿಸಿದಳು. ಇಟಗಿಗೆ ಭೀಮಾಂಬಿಕೆಯ ದರ್ಶನಕ್ಕೆ ಹೋದ ನೆರೆಮನೆಯವಳ ಕೈಯಲ್ಲಿ ಕಾಯಿ ಕಳಿಸಿ, ಲಾಳಿ ಸಿಕ್ಕರೆ ತಾನೇ ಬಂದು ಮೈಯುದ್ದ ಅಡ್ಡಬೀಳುತ್ತ ದೀಡು ನಮಸ್ಕಾರ ಹಾಕುತ್ತೇನೆ ಎಂದು ಬೇಡಿಕೊಂಡಳು. ಅದೂ ಮುದಿಯಪ್ಪನ ಕಿವಿಗೆ ಬಿತ್ತು. ಒಂದು ಸಂಜೆ ಅವನು ತಂಬೂರಿಯನ್ನು ಮುಟ್ಟಲಿಲ್ಲ.

"ಯಾಕ ಸುಮ್ಮನ ಕುಂತ್ರಿ?" ಎಂದಳು ಶಿವಬಸವ್ವ.

"ಬ್ಯಾಸರ."

"ಬ್ಯಾಸರ ಆದ್ರ ಬಾರಸಬೇಕು. ಬಾರಸ್ರಿ."

ಅವಳ ದನಿಯಲ್ಲಿ ಎಂಥ ಅವಸರವಿತ್ತೆಂದರೆ, ಅವನು ಎದ್ದು ಬಾರಿಸಿದ. ಯಾಕೆ ಎಂದು ಅವನಿಗೆ ಗೊತ್ತಿರಲಿಲ್ಲ. ಬನಶಂಕರಿಗೆ ಗೊತ್ತಿತ್ತು. ಆ ಹೊತ್ತಿಗೆ ನಾಲ್ಕೂ ಬೆರಳು ಮಡಚುತ್ತಿದ್ದವು.

ಖಂಡೇಪೂಜೆಯ ದಿನ ನೇಕಾರರ ಮನೆಯಲ್ಲಿ ಮಗ್ಗ ನಿಲ್ಲುತ್ತದೆ. ಲಾಳಿ, ಹಣಿಗೆ, ಕತ್ತರಿ ಎಲ್ಲ ತೊಳೆದು, ವಿಭೂತಿ ಹಚ್ಚಿ, ಜಗಲಿಯ ಮುಂದೆ ಸಾಲಾಗಿ ಇಡುತ್ತಾರೆ. ಯಾರ ಲಾಳಿಯನ್ನು ಅವರೇ ಇಡಬೇಕು, ಅದು ಆ ಮನೆಯ ಪದ್ಧತಿ. ಗುರುಸಂಗಪ್ಪ ತನ್ನದನ್ನು ಇಟ್ಟ. ಮುದಿಯಪ್ಪ ತನ್ನದನ್ನು ಇಟ್ಟ. ಶಿವಬಸವ್ವ ಹೊಸ ಸೀರೆಯುಟ್ಟು ಕಾಲೆಳೆಯುತ್ತ ಬಂದು ಜಗಲಿಯ ಮುಂದೆ ಕೂತಳು. ಸೆರಗಿನೊಳಗಿನಿಂದ ಬಲಗೈ ಹೊರಗೆ ತಂದಳು. ಅದು ನಡುಗುತ್ತಿತ್ತು, ಆದರೆ ಅಂಗೈ ಮೇಲಾಗಿ ಚಾಚಿತ್ತು. ಬೆರಳು ಮಡಚಿದಳು, ಬಿಚ್ಚಿದಳು.

"ಯವ್ವಾ!" ಎಂದ ಗುರುಸಂಗಪ್ಪ. ಈ ಸಲ ಅವನ ದನಿ ಏರಲೇ ಇಲ್ಲ.

"ನನ್ನ ಲಾಳಿ ತಗೊಂಡ ಬಾ, ಬನಶಂಕರಿ," ಎಂದಳು ಶಿವಬಸವ್ವ. ಅವಳ ಮುಖದಲ್ಲಿ ಸಣ್ಣ ಹುಡುಗಿಯ ಜಂಬವಿತ್ತು.

ಬನಶಂಕರಿ ಕದಲಲಿಲ್ಲ. "ಅತ್ತೀ, ಲಾಳಿ ಸಿಗವಲ್ದು. ಆಣಿ ಮಾಡಿ ಹೇಳ್ತೇನಿ, ನಾ ಅಲ್ಲ…"

"ಅಕಿ ಅಲ್ಲ," ಎಂದ ಮುದಿಯಪ್ಪ.

ಜಗಲಿಯ ಮೇಲಿದ್ದ ತಂಬೂರಿಯ ಗವಸಣಿಗೆಯಲ್ಲಿ ಕೈ ಹಾಕಿ ಗಂಟು ತೆಗೆದ. ಹೆಂಡತಿಯ ಚಾಚಿದ ಅಂಗೈಯ ಮುಂದೆ ಬಿಚ್ಚಿ ಇಟ್ಟ. ಎರಡು ತುದಿಗಳು. ಅವಳು ನೋಡಿದಳು. ಆಮೇಲೆ ತಂಬೂರಿಯನ್ನು ನೋಡಿದಳು. ಕುದುರೆಯನ್ನು ನೋಡಿದಳು, ಅದರ ಮೇಲಿದ್ದ ತನ್ನ ಸೀರೆಯ ಕೆಂಪು ಎಳೆಗಳನ್ನೂ ನೋಡಿದಳು. ಯಾರೂ ಏನೂ ವಿವರಿಸಿ ಹೇಳುವ ಅಗತ್ಯ ಬೀಳಲಿಲ್ಲ.

"ಯಾವಾಗ?" ಎಂದಳು.

"ಶ್ರಾವಣದ ಮುಂಚೆ."

"ನಿಮ್ಮ ಲಾಳೀನೂ ಕೋಡಿಂದ ಐತೆಲ್ರಿ. ಅದೂ ಹಳೇದ ಐತಿ. ಅದನ್ಯಾಕ ಕೊಯ್ಯಲಿಲ್ಲ?"

ಮುದಿಯಪ್ಪನಿಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಅದು ನನಗ ದಿನಾ ಬೇಕಾಗಿತ್ತು," ಎಂದ.

ಚಾಚಿದ್ದ ಬಲಗೈಯನ್ನು ಶಿವಬಸವ್ವ ಮೆಲ್ಲಗೆ ಸೆರಗಿನೊಳಕ್ಕೆ ತೆಗೆದುಕೊಂಡಳು. "ನಾ ಸತ್ತೇನಿ ಅಂತ ಒಬ್ಬರರೆ ನನಗ ಹೇಳಬೇಕಿತ್ತು," ಎಂದಳು. "ಚೀಲಾ ಇಟ್ಟರು, ಸುಮ್ಮನಿದ್ದೆ. ಕಿವುಡಿಗೆ ಒದರಿದಂಗ ಒದರಿದರು, ಸುಮ್ಮನಿದ್ದೆ. ನೀವೂ?"

ಗುರುಸಂಗಪ್ಪ ನೆಲ ನೋಡುತ್ತಿದ್ದ. ಮುದಿಯಪ್ಪ ಅವನ ಕಡೆ ತಿರುಗಿ, "ಅಕಿಗೆ ಅಂದ ಮಾತು ವಾಪಸ್ ತಗೋ. ತಪ್ಪು ನಂದು," ಎಂದ.

ಬನಶಂಕರಿ ಕಣ್ಣೊರೆಸಿಕೊಂಡಳು. "ಇವರು ಸಿಟ್ಟಿನ ಬಾಯಿಲೆ ಅಂದರು, ನಾ ಮರೀಬಹುದು. ನೀವು ಅಲ್ಲೇ ಕುಂತಿದ್ರಿ ಮಾವಾರ. ನಾ ನಿಮ್ಮ ಮುಖಾ ನೋಡಿ ಕೇಳಿದ್ದೆ."

ಪೂಜೆ ಮುಗಿಯಿತು. ಹೋಳಿಗೆ ಮಾಡಿದ್ದರು, ಹೆಚ್ಚಿನವು ಮರುದಿನಕ್ಕೆ ಉಳಿದವು.

ಮರುದಿನ ಸಂಜೆ ಬನ್ನಿ ಕೊಡುವ ಹೊತ್ತು. ಮಗ ಸೊಸೆ ಬನ್ನಿ ಕೊಟ್ಟು ಕಾಲಿಗೆ ಬಿದ್ದರು. ಶಿವಬಸವ್ವ ಬಲಗೈಯನ್ನು ಕಷ್ಟಪಟ್ಟು ಎತ್ತಿ ಇಬ್ಬರ ತಲೆಯ ಮೇಲೂ ಇಟ್ಟಳು, ಬನಶಂಕರಿಯ ತಲೆಯ ಮೇಲೆ ಹೆಚ್ಚು ಹೊತ್ತು ಇಟ್ಟಳು. ಆಮೇಲೆ ಗಂಡನ ಕಡೆ ತಿರುಗಿ ಬನ್ನಿ ಎಲೆಗಳನ್ನು ಎಡಗೈಲಿ ಕೊಟ್ಟಳು. ಯುಗಾದಿಯಿಂದ ಎಲ್ಲವನ್ನೂ ಎಡಗೈಲೇ ಕೊಡುತ್ತಿದ್ದಳು, ಯಾರೂ ಅದನ್ನು ತಪ್ಪೆಂದಿರಲಿಲ್ಲ. ಇವತ್ತಿನ ಎಡಗೈ ಬೇರೆ. ಮುದಿಯಪ್ಪ ಎರಡೂ ಕೈಯೊಡ್ಡಿ ಇಸಿದುಕೊಂಡ.

ಅಂದೇ ಅವನು ಕೋಡಿನ ಕುದುರೆಯನ್ನು ಬಿಚ್ಚಿ, ರೇಷ್ಮೆ ಎಳೆ ಸಮೇತ, ಎರಡು ತುದಿಗಳ ಜೊತೆ ಅವಳ ಗೂಡಿನಲ್ಲಿಟ್ಟ. ಸೀಳಿದ ಸಾಗವಾನಿಯನ್ನೇ ಮತ್ತೆ ಏರಿಸಿದ. ಸೋಮವಾರ ಮಠದಲ್ಲಿ ಅಂದಾನಪ್ಪ ಬಾಯಿ ತೆರೆದವನು ಮುದಿಯಪ್ಪನ ಮುಖ ನೋಡಿ ಮುಚ್ಚಿಕೊಂಡ.

ದೀಪಾವಳಿ ಕಳೆದ ಮೇಲೆ ಶಿವಬಸವ್ವ ಮಗ್ಗಕ್ಕೆ ಇಳಿದಳು. ಕುಣಿಗೆ ಕಾಲು ಇಳಿಬಿಡಲು ಸೊಸೆ ತೋಳು ಕೊಟ್ಟಳು. ಗುರುಸಂಗಪ್ಪ ಒಂದು ಕಟ್ಟಿಗೆ ಲಾಳಿ ತಂದುಕೊಟ್ಟ. ಅದು ಹಗುರ, ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಬಲಗೈ ಎಸೆಯುತ್ತಿತ್ತು, ಎಡಗೈ ಹಿಡಿಯುತ್ತಿತ್ತು. ಎಡಗೈ ತಿರುಗಿ ಎಸೆದಾಗ ಬಲಗೈಗೆ ಹಿಡಿಯಲಾಗದೆ ಲಾಳಿ ನೆಲಕ್ಕೆ ಬೀಳುತ್ತಿತ್ತು. ಬನಶಂಕರಿ ಒಲೆ ಬಿಟ್ಟು ಓಡಿ ಬಂದು ಎತ್ತಿಕೊಡುತ್ತಿದ್ದಳು. ಗಂಡನ ಜೊತೆ ಶಿವಬಸವ್ವನ ಮಾತು ಎರಡೇ: ಊಟಕ್ಕ ಬರ್ರಿ, ನೀರು ಕಾದಾವು.

ಒಂದು ಸಂಜೆ ಅವಳು ನೇಯುತ್ತಿದ್ದಳು. ಮುದಿಯಪ್ಪ ಕಂಬದ ಹತ್ತಿರ ಕೂತು ಮೀಟುತ್ತಿದ್ದ. ದಬ್, ದಬ್.

"ಬನಶಂಕರಿ," ಎಂದಳು ಶಿವಬಸವ್ವ, "ನಿಮ್ಮ ಮಾವಾರಿಗೆ ಹೇಳು, ಆ ಕಟ್ಟಿಗಿ ತಗದು ಕೋಡಿಂದ ಹಾಕ್ರಿ ಅಂತ."

ಮುದಿಯಪ್ಪನ ಕೈ ನಿಂತಿತು. "ಅದನ್ನ ಬಾರಸಾಕ ನನಗ ಮುಖಾ ಇಲ್ಲ," ಎಂದ.

"ನಿಮ್ಮ ಮುಖಾ ಯಾರ ಕೇಳ್ಯಾರ?" ಈಗ ಅವಳು ನೇರ ಅವನಿಗೇ ಹೇಳಿದಳು. "ನಮ್ಮಪ್ಪನ ಲಾಳಿ ಅದು. ಎರಡ ಮಂದಿ ಕೈಯಾಗ ದುಡದೈತಿ. ಕೊಯ್ದದ್ದಂತೂ ಕೊಯ್ದೀರಿ, ಮತ್ತ ಗೂಡಿನ್ಯಾಗ ಸುಮ್ಮನ ಕುಂದರಸ್ತೀರೇನು? ಹಾಕ್ರಿ. ನನ್ನ ಬೆರಳಿಗೆ ಅದು ಬೇಕು."

ಮುದಿಯಪ್ಪ ಎದ್ದು ಗೂಡಿಗೆ ಹೋದ. ಕುದುರೆ ಕೂಡಿಸಿ, ರೇಷ್ಮೆ ಎಳೆಗಳನ್ನು ಒಂದೊಂದಾಗಿ ಸರಿಸಿ, ತಂತಿ ಬಿಗಿದ. ಮೀಟಿದ. ನಾದ ಮನೆ ತುಂಬಿತು. ಅವನ ಎದೆಗೆ ಯಾರೋ ಗರಗಸ ಹಚ್ಚಿದಂತಾಯಿತು, ಆದರೂ ಪದ ಎತ್ತಿಕೊಂಡ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಲಾಳಿ ನೆಲಕ್ಕೆ ಬಿತ್ತು.

ಬನಶಂಕರಿ ಒಳಗಿನಿಂದ ಬಂದಳು.

"ನೀ ಇರವ್ವಾ," ಎಂದ ಮುದಿಯಪ್ಪ. ತಂಬೂರಿಯನ್ನು ಗೋಡೆಗೆ ಒರಗಿಸಿ, ಮೊಣಕಾಲು ಹಿಡಿದುಕೊಂಡು ಬಗ್ಗಿ, ಮಗ್ಗದ ಕೆಳಗಿನಿಂದ ಲಾಳಿ ಎತ್ತಿ ಹೆಂಡತಿಯ ಮುಂದೆ ಹಿಡಿದ.

ಶಿವಬಸವ್ವನ ಎಡಗೈ ಖಾಲಿಯಾಗಿಯೇ ಇತ್ತು. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಬಲಗೈ ಚಾಚಿದಳು. ಬೆರಳು ನಡುಗುತ್ತ ಲಾಳಿಯ ಸುತ್ತ ಬರಲು ತಡವಾಯಿತು. ಅಲ್ಲಿಯವರೆಗೆ ಅವನು ಹಿಡಿದುಕೊಂಡೇ ನಿಂತಿದ್ದ.

"ಹೂಂ, ನಡೀರಿ," ಎಂದಳು. "ಪದಾ ಅರ್ಧಕ್ಕ ನಿಂತೈತಿ."

ಆ ಸಂಜೆ ಆ ಪದ ಏಳು ಸಲ ಅರ್ಧಕ್ಕೆ ನಿಂತಿತು.